ನಾಟಿ ದನಕ್ಕೆ ಗಂಟು ರೋಗ ಬರಲ್ಲ ಅಂದುಕೊಂಡಿದ್ದೆ, ಈಗ ಜೋಡಿಯಲ್ಲಿ ಒಂದು ಮಲಗಿದೆ

ಜೋಡೆತ್ತು, ಮಾಗಡಿ ಸೀಮೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಗಾಬರಿಯಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮ ಮನೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತು ಇವೆ. ಇನ್ನೂ ನಾಲ್ಕು ಹಲ್ಲಿನ ವಯಸ್ಸು. ಹೋದ ಸೋಮವಾರ ಎಡಕ್ಕೆ ಕಟ್ಟುವ ಎತ್ತು ಬೂಸಾ ಮುಟ್ಟಲಿಲ್ಲ. ಕಣ್ಣಲ್ಲಿ ನೀರು, ಮೂಗಲ್ಲಿ ಸಿಂಬಳ. ಮಳೆಯಲ್ಲಿ ನೆಂದು ಶೀತ ಆಗಿರಬೇಕು ಅಂದುಕೊಂಡೆ. ಬುಧವಾರ ಮೈ ತೊಳೆಯುವಾಗ ಕೈಗೆ ಸಿಕ್ಕಿತು. ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ಕತ್ತಿನ ಮೇಲೆ ಅಂಗೈ ಆಡಿಸಿದರೆ ತೊಗಲಿನ ಕೆಳಗೆ ಹುಣಸೆ ಬೀಜ ಜೋಡಿಸಿಟ್ಟ ಹಾಗೆ. ಸಂಜೆ ಹೊತ್ತಿಗೆ ಆ ಜಾಗದಲ್ಲೆಲ್ಲ ಕೂದಲು ನೆಟ್ಟಗೆ ನಿಂತಿತ್ತು. ಮಾರನೇ ದಿನ ಎಣಿಸಿದೆ. ಎಡಪಕ್ಕ ಒಂದರಲ್ಲೇ 38.

ಡಾಕ್ಟ್ರು ಬಂದು ನೋಡಿ ಚರ್ಮಗಂಟು ರೋಗ ಅಂದರು. ಜ್ವರಕ್ಕೆ ಇಂಜೆಕ್ಷನ್ ಕೊಟ್ಟು ಹೋದರು. ಲಸಿಕೆ ಹಾಕಿಸಿರಲಿಲ್ಲವಾ ಅಂತ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ನಮ್ಮೂರಿಗೆ ಲಸಿಕೆ ಹಾಕುವವರು ಬಂದಿದ್ದರು. ಅಪ್ಪ "ಅದೆಲ್ಲ ಸೀಮೆ ಹಸುಗೆ ಬರೋದು, ನಮ್ಮ ನಾಟಿಗೆ ಏನೂ ಆಗಲ್ಲ" ಅಂದರು. ನಾನೂ ಸುಮ್ನೆ ಇದ್ದೆ. ಕಾಲುಬಾಯಿ ಜ್ವರದ ಲಸಿಕೆ ಆಗಿತ್ತು, ಅದೇ ಸಾಕು ಅನ್ನೋ ಧೈರ್ಯ ಬೇರೆ.

ಈಗ ಬಲಕ್ಕೆ ಕಟ್ಟುವುದಕ್ಕೆ ಇನ್ನೂ ಏನೂ ಆಗಿಲ್ಲ. ಅದಕ್ಕೆ ಈಗಲೇ ಲಸಿಕೆ ಹಾಕಿಸಬಹುದಾ? ಬೇರೆ ಕಡೆ ಕಟ್ಟಿದರೆ ಎರಡೂ ಮೇವು ಬಿಡುತ್ತವೆ, ಕೂಗುತ್ತವೆ. ಒಂದೂವರೆ ವರ್ಷದಿಂದ ಒಂದನ್ನೊಂದು ಬಿಟ್ಟು ನಿಂತಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ನಿವೃತ್ತ ಪಶುವೈದ್ಯ

ತಮ್ಮಾ, ಮೊದಲು ಒಂದು ಥರ್ಮಾಮೀಟರ್ ತಗೊ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಮಾಮೂಲಿ ಡಿಜಿಟಲ್ ಸಾಕು. ಬಾಲ ಎತ್ತಿ ಗುದದಲ್ಲಿ ಇಟ್ಟು ನೋಡು. ದನದ ಮೈಬಿಸಿ ಸಹಜವಾಗಿ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಈ ರೋಗದಲ್ಲಿ ಗಂಟು ಕಾಣುವ ಮೊದಲೇ 104, 105 ಏರುತ್ತದೆ. ಚೆನ್ನಾಗಿರುವ ಎತ್ತಿಗೆ ಬೆಳಿಗ್ಗೆ ಸಂಜೆ ನೋಡಿ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡು. ನಿನಗೆ ಕಾಣುವ ಮೊದಲು ಅದು ಹೇಳುತ್ತದೆ.

ಲಸಿಕೆ ವಿಚಾರ. ಕಾಯಿಲೆ ಬಿದ್ದ ದನಕ್ಕೆ ಲಸಿಕೆ ಹಾಕುವುದಿಲ್ಲ. ಪಕ್ಕದಲ್ಲೇ ನಿಂತಿದ್ದದ್ದರ ಮೈಯಲ್ಲಿ ಈಗಾಗಲೇ ವೈರಸ್ ಸೇರಿರಬಹುದು. ಮೈಗೆ ಹೊಕ್ಕಮೇಲೆ ಸಾಮಾನ್ಯವಾಗಿ 4ರಿಂದ 14 ದಿನದಲ್ಲಿ ಲಕ್ಷಣ ಕಾಣುತ್ತದೆ, ಕೆಲವಕ್ಕೆ ಇನ್ನೂ ತಡ. ಲಸಿಕೆ ಹಾಕಿದ ಕೂಡಲೇ ಶಕ್ತಿ ಬರುವುದೂ ಇಲ್ಲ, ಎರಡು ಮೂರು ವಾರ ಬೇಕು. ಹಾಗಾಗಿ ಆ ಎತ್ತಿನ ತೀರ್ಮಾನ ನಿಮ್ಮ ಡಾಕ್ಟರಿಗೆ ಬಿಡು. ಆದರೆ ನಿನ್ನ ಮನೆಯಲ್ಲಿ ರೋಗ ಬಂದಿದೆ ಅಂತ ಊರಿಗೆಲ್ಲ ಇವತ್ತೇ ಹೇಳು. ಸುತ್ತ 5 ಕಿಲೋಮೀಟರ್‌ನಲ್ಲಿ ಚೆನ್ನಾಗಿರುವ ದನಗಳಿಗೆ ಲಸಿಕೆ ಹಾಕುವುದು ಪದ್ಧತಿ. ಮುಚ್ಚಿಟ್ಟರೆ ಅದು ಆಗುವುದಿಲ್ಲ. ನಲವತ್ತು ವರ್ಷ ನೋಡಿದ್ದೇನೆ, ಮನೆಯಲ್ಲಿ ರೋಗ ಬಂದರೆ ಅದೇನೋ ಅವಮಾನ ಅನ್ನುವ ಹಾಗೆ ಬಾಗಿಲು ಹಾಕಿಕೊಂಡು ಕೂರುತ್ತಾರೆ.

ಬೇರೆ ಕಟ್ಟುವುದು ಬೇಕೇ ಬೇಕು. ಆದರೆ ಹತ್ತು ಅಡಿ ಆಚೆ ಕಟ್ಟಿ ಸಮಾಧಾನ ಪಟ್ಟುಕೊಳ್ಳಬೇಡ. ಇದನ್ನು ಜಾಸ್ತಿ ಹರಡುವುದು ಕಚ್ಚುವ ನೊಣ, ಸೊಳ್ಳೆ, ಉಣ್ಣೆ. ನೊಣಕ್ಕೆ ಹತ್ತು ಅಡಿ ಯಾವ ಲೆಕ್ಕ? ಅಕ್ಕಿ ನುಚ್ಚಿನ ಮೇಲೆ ಕೂರುವ ನೊಣ ಬೇರೆ. ದನದ ಕಾಲಿಗೆ ಕೂತು ಕಚ್ಚುತ್ತದಲ್ಲ, ದನ ಕಾಲು ಕೊಡವುತ್ತದಲ್ಲ, ಅದು. ಒಂದರ ರಕ್ತ ಅರ್ಧ ಹೀರಿ, ಓಡಿಸಿದ ಕೂಡಲೇ ಇನ್ನೊಂದರ ಮೇಲೆ ಕೂರುತ್ತದೆ.

ಗಿಡ್ಡನ ಮನೆ, ಸಾಗರ

ಅಣ್ಣಾ, ನಿಮ್ಮ ಅಪ್ಪ ಹೇಳಿದ ಮಾತನ್ನೇ ನಮ್ಮ ಮಾವನೂ ಹೇಳಿದ್ದರು. ನಮ್ಮದು ಪೂರ್ತಿ ಮಲೆನಾಡು ಗಿಡ್ಡ, ಆಗ 11 ಇದ್ದವು.

2022ರ ಕೊನೆಯಲ್ಲಿ ನಮ್ಮ ಕಡೆ ಬಂತು. ದೊಡ್ಡ ಹಸುಗಳಿಗೆ ನಿಜವಾಗಿಯೂ ಹಗುರವಾಗಿ ಹೋಯಿತು. ಎರಡು ದಿನ ಮಂಕು, ನಾಲ್ಕಾರು ಗಂಟು, ಮತ್ತೆ ಮೇಯಲು ಹೊರಟವು. ಮಾವ "ನೋಡಿದ್ಯಾ" ಅಂದರು. ಆಮೇಲೆ ಕರುಗಳಿಗೆ ಬಂತು.

ಮೂರು ತಿಂಗಳ ಒಂದು ಹೆಣ್ಣು ಕರು ಇತ್ತು, ಕಪ್ಪು, ಹಣೆ ಮೇಲೆ ಮಾತ್ರ ಬಿಳಿ. ಅದರ ತುಟಿ ಮೇಲೆ, ಮೂಗಿನ ಹೊಳ್ಳೆಯ ಒಳಗೆ ಗಂಟು ಎದ್ದಿತ್ತು. ಬಾಯಿ ಒಳಗೆ ಹುಣ್ಣು. ಕೆಚ್ಚಲಿಗೆ ಬಾಯಿ ಹಾಕುವುದು, ನೋವಿಗೆ ತಲೆ ಹಿಂದೆ ಎಳೆದುಕೊಳ್ಳುವುದು, ಮತ್ತೆ ಹಾಕುವುದು. ತಾಯಿಯ ಮೊಲೆಗೂ ಗಂಟು ಬಂದಿದ್ದರಿಂದ ಅದು ಒದೆಯುತ್ತಿತ್ತು. ನಾನು ಹಾಲು ಕರೆದು ಔಷಧಿ ಕುಡಿಸುವ ಗೊಟ್ಟದಲ್ಲಿ ಸ್ವಲ್ಪ ಸ್ವಲ್ಪ ಹಾಕುತ್ತಿದ್ದೆ. ರಾತ್ರಿ ಎರಡು ಸಲ ಎದ್ದು ಹೋಗುತ್ತಿದ್ದೆ. ಉಸಿರಾಡುವಾಗ ಗೊರ ಗೊರ ಸದ್ದು. ಆರನೇ ದಿನ ಹೋಯಿತು. ಇನ್ನೊಂದು ಕರು ಅದಾದ ಎರಡು ದಿನಕ್ಕೆ.

ಹಾಗಾಗಿ ನಾಟಿಗೆ ಬರಲ್ಲ ಅನ್ನುವುದು ಸುಳ್ಳು. ನಾಟಿಯಲ್ಲಿ ದೊಡ್ಡವು ತಡೆದುಕೊಳ್ಳುತ್ತವೆ ಅನ್ನಿ, ಒಪ್ಪುತ್ತೇನೆ.

ಇನ್ನೊಂದು ಕಷ್ಟ ಹೇಳಲೇ? ಗಿಡ್ಡಕ್ಕೆ ಲಸಿಕೆ ಹಾಕಿಸುವುದೇ ದೊಡ್ಡ ಸಾಹಸ. ಬೆಳಿಗ್ಗೆ ಬಿಟ್ಟರೆ ಕಾನಿಗೆ ಹೋಗುತ್ತವೆ, ಸಂಜೆ ತಾವಾಗಿಯೇ ಬರುತ್ತವೆ. ಲಸಿಕೆಯವರು ಬರುವುದು ಮಧ್ಯಾಹ್ನ 12ಕ್ಕೆ. ಕೊಟ್ಟಿಗೆಯಲ್ಲಿ ಇರುವುದು ಸೊಪ್ಪು ಮಾತ್ರ! ಈಗ ಹಿಂದಿನ ದಿನ ಫೋನ್ ಮಾಡಿ ಹೇಳಿ ಅಂತ ಕೇಳಿಕೊಂಡಿದ್ದೇನೆ. ಹೇಳಿದ ದಿನ ಹೊರಗೆ ಬಿಡುವುದಿಲ್ಲ.

ದೇಸಿ ಗೋಪಾಲಕ

ಎಲ್ಲರೂ ಲಸಿಕೆ ಲಸಿಕೆ ಅನ್ನುತ್ತಿದ್ದೀರಿ. ನಮ್ಮ ಅಜ್ಜನ ಕಾಲದಲ್ಲಿ ಈ ರೋಗ ಇತ್ತಾ? ಇರಲಿಲ್ಲ. ದೇಸಿ ತಳಿಗೆ ಸಾವಿರಾರು ವರ್ಷದ ಶಕ್ತಿ ಇದೆ. ವಿದೇಶಿ ತಳಿ ತಂದಿರಿ, ವಿದೇಶಿ ರೋಗ ಬಂತು. ಈಗ ಕಂಪನಿಗಳಿಗೆ ಲಸಿಕೆ ವ್ಯಾಪಾರ. ನನ್ನ ಹತ್ತಿರ 6 ಹಸು ಇವೆ, ಒಂದಕ್ಕೂ ಹಾಕಿಸಿಲ್ಲ, ಒಂದಕ್ಕೂ ಬಂದಿಲ್ಲ.

ನಿವೃತ್ತ ಪಶುವೈದ್ಯ

ಗೋಪಾಲಕರೇ, ನಿಮ್ಮ ಮಾತಿನಲ್ಲಿ ಅರ್ಧ ಸರಿ ಇದೆ. ಅಜ್ಜನ ಕಾಲದಲ್ಲಿ ಇರಲಿಲ್ಲ ಅನ್ನುವುದು ನಿಜ. ಇದು ಮೊದಲು ಕಂಡದ್ದು ಆಫ್ರಿಕದಲ್ಲಿ, ಈಗಿನ ಜಾಂಬಿಯಾದಲ್ಲಿ, 1929ರಲ್ಲಿ. ಆಗ ಅಲ್ಲಿಯವರು ಹುಳ ಕಚ್ಚಿದ ದದ್ದು ಅಂದುಕೊಂಡಿದ್ದರು. ಭಾರತಕ್ಕೆ ಬಂದದ್ದು 2019ರಲ್ಲಿ, ಮೊದಲು ಒಡಿಶಾದಲ್ಲಿ. ಅಜ್ಜ ನೋಡಿರಲು ಸಾಧ್ಯವೇ ಇಲ್ಲ.

ಆದರೆ ಯೋಚನೆ ಮಾಡಿ. ನಮ್ಮ ದನ ಸಾವಿರಾರು ವರ್ಷ ಇಲ್ಲಿ ಬಾಳಿದ್ದು ಇಲ್ಲಿಯ ರೋಗದ ಜೊತೆ. ಇಲ್ಲಿಯ ಉಣ್ಣೆ ಜ್ವರ ತಡೆದುಕೊಳ್ಳುತ್ತದೆ, ಬಿಸಿಲು ತಡೆದುಕೊಳ್ಳುತ್ತದೆ. ಎಂದೂ ನೋಡದ ವೈರಸ್‌ಗೆ ಆ ಹಳೆ ಶಕ್ತಿ ಎಲ್ಲಿಂದ ಬರಬೇಕು? ತೆಳು ಚರ್ಮದ ಸೀಮೆ ಹಸುಗಳಿಗೆ ಜೋರಾಗಿ ಬರುತ್ತದೆ, ನಮ್ಮ ಡುಬ್ಬದ ದನಕ್ಕೆ ಸ್ವಲ್ಪ ಕಡಿಮೆ. ಅಷ್ಟೇ. ಕಡಿಮೆ ಅನ್ನುವುದನ್ನು ನಾವು ಇಲ್ಲ ಅಂತ ಓದಿಕೊಂಡೆವು.

2022 ನೆನಪು ಮಾಡಿಕೊಳ್ಳಿ. ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ದನ ಸತ್ತವು. ಸುಮಾರು ಅರ್ಧ ರಾಜಸ್ಥಾನ ಒಂದರಲ್ಲೇ. ಪಶ್ಚಿಮ ರಾಜಸ್ಥಾನದಲ್ಲಿ ಇರುವುದು ಯಾವ ದನ? ಥಾರ್‌ಪಾರ್ಕರ್, ರಾಠಿ, ನಾಗೋರಿ. ಅದಕ್ಕೆ ಮೊದಲು ಹೊಡೆತ ತಿಂದ ಕಛ್, ಸೌರಾಷ್ಟ್ರದಲ್ಲಿ? ಕಾಂಕ್ರೇಜ್, ಗಿರ್. ಇವೆಲ್ಲ ವಿದೇಶಿಯಾ?

ಲಸಿಕೆ ವಿಚಾರಕ್ಕೂ ಒಂದು ಮಾತು. ನಿಮ್ಮ ಅಜ್ಜ ನೋಡಿದ್ದು ಬೇರೆ ರೋಗ. ದೊಡ್ಡ ರೋಗ ಅಂತ ಕೇಳಿರುತ್ತೀರಿ. ಭೇದಿ ಶುರುವಾದರೆ ಹಟ್ಟಿಗೆ ಹಟ್ಟಿಯೇ ಖಾಲಿ. ಅದೂ ವೈರಸ್ಸೇ. ಹೆಬ್ಬಾಳದಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಸೀರಂ ಸಂಸ್ಥೆ ಕಟ್ಟಿದ್ದೇ ಅದರ ಕಾಟಕ್ಕೆ. ಭಾರತ 2006ರಲ್ಲಿ ಅದರಿಂದ ಮುಕ್ತ ಅನ್ನಿಸಿಕೊಂಡಿತು, 2011ರಲ್ಲಿ ಇಡೀ ಜಗತ್ತು. ಈಗಿನ ಹುಡುಗರಿಗೆ ಆ ಹೆಸರೂ ಗೊತ್ತಿಲ್ಲ. ಅದು ಯಾವ ಶಕ್ತಿಯಿಂದ ಹೋಯಿತು ಹೇಳಿ?

ದೇಸಿ ಗೋಪಾಲಕ

ಸರ್, ದೊಡ್ಡ ರೋಗದ ವಿಚಾರ ಒಪ್ಪಿದೆ. ನಮ್ಮಜ್ಜಿ ಅದಕ್ಕೆ ಮಾರಮ್ಮನಿಗೆ ಹರಕೆ ಹೊತ್ತ ಕಥೆ ಹೇಳುತ್ತಿದ್ದರು. ಆದರೆ ಇದಕ್ಕೆ ಹಾಕುತ್ತಿರುವುದು ಮೇಕೆ ಲಸಿಕೆಯಂತೆ? ಮೇಕೆ ಲಸಿಕೆ ಹಸುಗೆ ಯಾಕೆ?

ನಿವೃತ್ತ ಪಶುವೈದ್ಯ

ಒಳ್ಳೆ ಪ್ರಶ್ನೆ. ಕುರಿ ಸಿಡುಬು, ಮೇಕೆ ಸಿಡುಬು, ದನದ ಗಂಟು ರೋಗ, ಈ ಮೂರರ ವೈರಸ್‌ಗಳು ಅಣ್ಣ ತಮ್ಮಂದಿರ ಹಾಗೆ. ಒಂದಕ್ಕೆ ಮೈ ಪಳಗಿದರೆ ಇನ್ನೊಂದನ್ನೂ ಗುರುತಿಸುತ್ತದೆ. ಆ ಹೊತ್ತಿಗೆ ನಮ್ಮಲ್ಲಿ ಕೈಗೆ ಸಿಗುತ್ತಿದ್ದದ್ದು ಮೇಕೆ ಸಿಡುಬಿನ ಲಸಿಕೆ, ಹಾಗಾಗಿ ಅದನ್ನೇ ಹಾಕಿದರು. ಈ ರೋಗದ್ದೇ ವೈರಸ್‌ನಿಂದ ಮಾಡಿದ ಲಸಿಕೆಯೂ ಬಂದಿದೆ. ಹಿಸಾರ್ ಮತ್ತು ಇಜ್ಜತ್‌ನಗರದ ವಿಜ್ಞಾನಿಗಳು ಮಾಡಿದ ಲಂಪಿ ಪ್ರೊವ್ಯಾಕ್ 2022ರ ಆಗಸ್ಟ್‌ನಲ್ಲಿ ಬಿಡುಗಡೆ ಆಯಿತು. ನಮ್ಮ ಮಾಲೂರಿನ ಬಯೋವೆಟ್‌ನವರ ಬಯೋಲಂಪಿವ್ಯಾಕ್ಸಿನ್‌ಗೆ 2025ರಲ್ಲಿ ಅನುಮತಿ ಸಿಕ್ಕಿತು. ನಿಮ್ಮ ಆಸ್ಪತ್ರೆಯಲ್ಲಿ ಯಾವುದು ಇದೆಯೋ ಅದನ್ನು ಹಾಕಿಸಿ. ಬ್ರಾಂಡ್ ಹುಡುಕಿಕೊಂಡು ಕೂತರೆ ಮಳೆಗಾಲ ಮುಗಿದಿರುತ್ತದೆ.

ನಿಮ್ಮ 6 ಹಸುಗಳಿಗೆ ಬಂದಿಲ್ಲ ಅಂದಿರಿ. ಈ ರೋಗ ಒಂದು ಹಟ್ಟಿಯಲ್ಲಿ ಎಲ್ಲಕ್ಕೂ ಬರುವುದು ಕಡಿಮೆ. ಸಾಮಾನ್ಯವಾಗಿ ನೂರಕ್ಕೆ 10, 20 ದನಕ್ಕೆ ತಗಲುತ್ತದೆ, ಕೆಲವು ಸಲ ಜಾಸ್ತಿ. ಸಾಯುವುದು ನೂರಕ್ಕೆ 5ರ ಒಳಗೆ ಅನ್ನುವುದು ಪುಸ್ತಕದ ಲೆಕ್ಕ. ಇಲ್ಲಿಯವರೆಗೆ ಪಾರಾಗಿದ್ದೀರಿ, ಸಂತೋಷ.

ಖಿಲಾರಿ ಮನಿ, ಅಥಣಿ ಕಡೆ

ಜೋಡೆತ್ತು ಅಣ್ಣಾರ, ಧೈರ್ಯ ಬಿಡಬ್ಯಾಡ್ರಿ. ನಮ್ಮ ಖಿಲಾರಿ ಹೋರಿಗೆ ಬಂದು ವಾಸಿ ಆಗಿದೆ. ಏನು ಮಾಡಿದೆವು ಅಂತ ಹೇಳುತ್ತೇನೆ.

ಹತ್ತು ವೀಳ್ಯದೆಲೆ, 10 ಗ್ರಾಂ ಮೆಣಸಿನ ಕಾಳು, 10 ಗ್ರಾಂ ಉಪ್ಪು, ಎಲ್ಲ ರುಬ್ಬಿ ಬೆಲ್ಲದಲ್ಲಿ ಉಂಡೆ ಮಾಡಿ ತಿನ್ನಿಸಿದೆವು. ಮೊದಲ ದಿನ ಮೂರು ತಾಸಿಗೆ ಒಮ್ಮೆ, ಆಮೇಲೆ ದಿನಕ್ಕೆ ಮೂರು ಸಲ. ಇದು ನಮ್ಮ ಮನೆಯ ಗುಟ್ಟು ಏನಲ್ಲ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯವರೇ ಹಂಚಿದ ಚೀಟಿಯಲ್ಲಿ ಇತ್ತು. ಗಾಯಕ್ಕೆ ಕುಪ್ಪಿ ಗಿಡ, ಬೇವು, ತುಳಸಿ, ಬೆಳ್ಳುಳ್ಳಿ, ಅರಿಶಿನ ಅರೆದು ಎಣ್ಣೆಯಲ್ಲಿ ಕಾಸಿ ಹಚ್ಚುವುದೂ ಅದರಲ್ಲೇ ಇತ್ತು. ಹೋರಿ ಬೆಲ್ಲದ ಆಸೆಗೆ ತಿಂತು, ಆ ದಿನಗಳಲ್ಲಿ ಅದು ಮನಸಾರೆ ತಿಂದಿದ್ದು ಅದೊಂದೇ.

ಅದರಿಂದಲೇ ವಾಸಿ ಆಯಿತಾ? ನಾನು ಎದೆ ತಟ್ಟಿ ಹೇಳಲಾರೆ. ಡಾಕ್ಟರ ಇಂಜೆಕ್ಷನ್‌ನೂ ನಡೆದಿತ್ತು. ನಮ್ಮೂರಲ್ಲಿ ಒಬ್ಬರು ಬರೀ ಎಲೆ ಮೇಲೆ ನಂಬಿಕೆ ಇಟ್ಟು ಡಾಕ್ಟರನ್ನು ಕರೆಯಲೇ ಇಲ್ಲ, ಹಸು ಉಳಿಯಲಿಲ್ಲ.

ನಿಜವಾದ ಯುದ್ಧ ಗಂಟು ಒಡೆದ ಮೇಲೆ ನೋಡ್ರಿ. ಹುಳ. ನಮ್ಮ ಹೋರಿಯ ಹೆಗಲಿಗೆ ಅಂಗೈ ಅಗಲ ಗಾಯ ಆಗಿತ್ತು, ಸರಿಯಾಗಿ ನೊಗ ಕೂರುವ ಜಾಗ. ಒಂದು ಮುಂಜಾನೆ ಹತ್ತಿರ ಹೋದರೆ ವಾಸನೆ. ಬಗ್ಗಿ ನೋಡಿದರೆ ಗಾಯದ ಅಂಚು ಮಿಸುಕಾಡುತ್ತಿದೆ. ಕರ್ಪೂರ ಪುಡಿ ಮಾಡಿ ಬೇವಿನ ಎಣ್ಣೆಯಲ್ಲಿ ಕಲಸಿ ಅರಿವೆಯಲ್ಲಿ ಅದ್ದಿ ತುರುಕಿದೆ. ಹುಳ ಒಂದೊಂದೇ ಹೊರಗೆ ಬಂದವು, ಚಿಮಟಿಗೆಯಲ್ಲಿ ಹಿಡಿದು ತೆಗೆದೆ. ಎಣಿಸಲಿಲ್ಲ. ಆವತ್ತು ನಾನು ಊಟ ಮಾಡಲಿಲ್ಲ.

ನಿವೃತ್ತ ಪಶುವೈದ್ಯ

ಅಥಣಿಯವರು ಸರಿಯಾಗಿ ಹೇಳಿದ್ದಾರೆ. ವೈರಸ್‌ನ್ನು ಕೊಲ್ಲುವ ಔಷಧಿ ನಮ್ಮ ಹತ್ತಿರ ಇಲ್ಲ. ಡಾಕ್ಟ್ರು ಕೊಡುವ ಆಂಟಿಬಯಾಟಿಕ್ ಗಂಟಿಗಲ್ಲ, ಗಾಯಕ್ಕೆ ಮತ್ತು ಎದೆಗೆ ಕೀವು ಸೇರಬಾರದು ಅಂತ. ಗಾಯ ತೊಳೆಯಲು ಕೆನ್ನೀಲಿ ಹರಳು, ಅದೇ ಪೊಟ್ಯಾಷಿಯಂ ಪರ್ಮಾಂಗನೇಟ್, ನೀರು ತಿಳಿ ಗುಲಾಬಿ ಆಗುವಷ್ಟು ಮಾತ್ರ ಹಾಕಿ. ಕಪ್ಪಗೆ ಮಾಡಿಕೊಂಡರೆ ಚರ್ಮ ಸುಡುತ್ತದೆ.

ಇನ್ನೊಂದು, ಮೈಮೇಲೆ ಎದ್ದದ್ದೆಲ್ಲ ಈ ರೋಗ ಅಲ್ಲ. ಕೆಲವು ಸಲ ಹುಳ ಕಚ್ಚಿ ಅಥವಾ ಮೇವು ಒಗ್ಗದೆ ಮೈಯೆಲ್ಲ ದದ್ದು ಏಳುತ್ತದೆ, ಒಂದು ದಿನದಲ್ಲಿ ಇಳಿದು ಹೋಗುತ್ತದೆ. ಗಂಟು ರೋಗದ ಗಂಟು ಗಟ್ಟಿ, ಗುಂಡಗೆ, 2ರಿಂದ 5 ಸೆಂಟಿಮೀಟರ್, ಇಳಿಯಲ್ಲ.

ಅಮ್ಮನ ಕೈರುಚಿ

ಒಂದು ಸಣ್ಣ ಪ್ರಶ್ನೆ. ನಾವು ಬೆಂಗಳೂರಲ್ಲಿ ನಾಟಿ ಹಸುವಿನ ಹಾಲು ತರಿಸುತ್ತೇವೆ. ಮಕ್ಕಳಿಗೆ ಕೊಡಬಹುದಾ?

ನಿವೃತ್ತ ಪಶುವೈದ್ಯ

ಈ ರೋಗ ಮನುಷ್ಯರಿಗೆ ಬರಲ್ಲಮ್ಮ. ಹಾಲು ಚೆನ್ನಾಗಿ ಕಾಯಿಸಿ ಕುಡಿಯಿರಿ. ಹಸಿ ಹಾಲು ಯಾವ ಕಾಲದಲ್ಲೂ ಬೇಡ.

ಕೆರೆ ಏರಿ, ಮಂಡ್ಯ

ಇಲ್ಲಿ ಯಾರೂ ದುಡ್ಡಿನ ಮಾತು ಎತ್ತಿಲ್ಲ, ನಾನು ಎತ್ತುತ್ತೇನೆ.

2022ರಲ್ಲಿ ಸರ್ಕಾರ ಪರಿಹಾರ ಘೋಷಿಸಿತು. ಸತ್ತ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ. ಬೇಡ ಅನ್ನಲ್ಲ, ಬಂದವರಿಗೆ ಅನುಕೂಲ ಆಯಿತು. ಆದರೆ ಹಳ್ಳಿಕಾರ್ ಜೋಡಿಯ ಲೆಕ್ಕ ಆ ಪಟ್ಟಿಯಲ್ಲಿ ಕೂರಲ್ಲ. ಒಳ್ಳೆ ಜೊತೆ ಜಾತ್ರೆಯಲ್ಲಿ ಲಕ್ಷಗಟ್ಟಲೆ ಹೋಗುತ್ತದೆ. ಎತ್ತರ ಒಂದೇ, ಕೊಂಬಿನ ಬಾಗು ಒಂದೇ, ಬಣ್ಣ ಒಂದೇ, ಹೆಜ್ಜೆ ಒಂದೇ. ಅದರಲ್ಲಿ ಒಂದು ಹೋದರೆ ಉಳಿದದ್ದರ ಬೆಲೆ ಅರ್ಧ ಅಲ್ಲ. ಒಂಟಿ ಎತ್ತು ಯಾರಿಗೆ ಬೇಕು? ನಮ್ಮ ಚಿಕ್ಕಪ್ಪನ ಜೋಡಿ ಹಾಗೆ ಒಡೆಯಿತು. ಉಳಿದ ಎತ್ತಿಗೆ ಜೊತೆ ಹುಡುಕಿಕೊಂಡು ಎರಡು ವರ್ಷ ಅಲೆದರು. ಎತ್ತರ ಸಿಕ್ಕರೆ ಕೊಂಬು ಸಿಗಲಿಲ್ಲ, ಕೊಂಬು ಸಿಕ್ಕರೆ ಹಲ್ಲು ಸಿಗಲಿಲ್ಲ. ಕೊನೆಗೆ ಅದನ್ನು ಸಿಕ್ಕ ರೇಟಿಗೆ ಕೊಟ್ಟರು.

ಚಿಕ್ಕಪ್ಪನಿಗೆ ಪರಿಹಾರವೂ ಸಿಗಲಿಲ್ಲ. ಯಾಕೆ ಗೊತ್ತಾ? ಕಿವಿ ಓಲೆ ಇರಲಿಲ್ಲ. ಅದೇ ಹಳದಿ ಟ್ಯಾಗು, 12 ಅಂಕಿದು. ಜಾತ್ರೆಗೆ ಹೊಡೆದುಕೊಂಡು ಹೋಗುವ ಎತ್ತಿನ ಕಿವಿ ತೂತು ಮಾಡಿದರೆ ಅಂದ ಹೋಗುತ್ತದೆ ಅಂತ ಹಾಕಿಸಿರಲಿಲ್ಲ. ನಮ್ಮ ಕಡೆ ಚೆಂದದ ಜೋಡಿ ಕಟ್ಟಿದವರಲ್ಲಿ ಬಹಳ ಜನ ಹೀಗೇ. ಹಸುಗೆ ಹಾಕಿಸುತ್ತಾರೆ, ಎತ್ತಿಗೆ ಇಲ್ಲ. ಟ್ಯಾಗ್ ಇಲ್ಲ, ಲಸಿಕೆ ದಾಖಲೆ ಇಲ್ಲ, ಸತ್ತ ಮೇಲೆ ಡಾಕ್ಟರಿಗೆ ತೋರಿಸದೆ ಆವತ್ತೇ ಹೂತುಬಿಟ್ಟರು. ಕಚೇರಿಯಲ್ಲಿ ಏನು ತೋರಿಸುತ್ತೀರಿ? ಅವರು ಕೇಳಿದ್ದರಲ್ಲಿ ತಪ್ಪಿಲ್ಲ ಅಂತ ನನಗೆ ಈಗ ಅನ್ನಿಸುತ್ತದೆ. ಆಗ ಜಗಳ ಆಡಿ ಬಂದಿದ್ದೆವು.

ಜೋಡೆತ್ತು, ಮಾಗಡಿ ಸೀಮೆ

ಎಲ್ಲರಿಗೂ ಧನ್ಯವಾದ. ನಾಲ್ಕನೇ ದಿನದ ವರದಿ.

ಗಂಟು ಈಗ ಎಣಿಸಲು ಆಗುತ್ತಿಲ್ಲ. ಮುಂದಿನ ಎರಡು ಕಾಲು ಬಾತಿವೆ, ಮೊಣಕಾಲಿನಿಂದ ಕೆಳಗೆ ಬಾಳೆದಿಂಡಿನ ಹಾಗೆ. ಎದೆಯ ಕೆಳಗೂ ನೀರು ತುಂಬಿದ ಚೀಲ ಇಳಿಬಿದ್ದ ಹಾಗೆ ಇದೆ. ಮಲಗಿದರೆ ಏಳುತ್ತಿಲ್ಲ, ನಾವು ಮೂವರು ಗೋಣಿ ಪಟ್ಟಿ ಹಾಕಿ ಎತ್ತುತ್ತಿದ್ದೇವೆ. ಜ್ವರ 105.2. ಬಲದ್ದಕ್ಕೆ 101.6, ಗೋಡೆ ಮೇಲೆ ಬರೆದಿದ್ದೇನೆ ಸರ್.

ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿದೆ, ಗಾಡಿ ಬಂತು. ಟ್ಯಾಗ್ ಬಗ್ಗೆ ಮಂಡ್ಯದವರು ಹೇಳಿದ್ದು ಓದಿ ಬೆವರಿದೆ. ನಮ್ಮದಕ್ಕೂ ಇಲ್ಲ. ಕಾರಣ ಅದೇ.

ಅಪ್ಪ ಮಾತಾಡುತ್ತಿಲ್ಲ. ಕೊಟ್ಟಿಗೆಯಲ್ಲೇ ಚಾಪೆ ಹಾಕಿಕೊಂಡಿದ್ದಾರೆ.

ನಿವೃತ್ತ ಪಶುವೈದ್ಯ

ಮಲಗಿದ ಪಕ್ಕದಲ್ಲೇ ಬಿಡಬೇಡ, ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸು. ಕೆಳಗೆ ಒಣ ಹುಲ್ಲು ದಪ್ಪಗೆ ಹಾಸು. ನೀರು ಬಕೆಟ್ಟಿನಲ್ಲಿ ಬಾಯಿ ಹತ್ತಿರ ಹಿಡಿ, ಅದು ಎದ್ದು ಬಂದು ಕುಡಿಯಲ್ಲ. ಬಾಯಿಯಲ್ಲಿ ಹುಣ್ಣಿದ್ದರೆ ಒಣ ಮೇವು ಬೇಡ, ರಾಗಿ ಗಂಜಿ ತೆಳ್ಳಗೆ ಮಾಡಿ ಕೊಡು. ಬಾಯಿ ಮೇಲೆತ್ತಿ ಸುರಿಯಬೇಡ, ಶ್ವಾಸಕೋಶಕ್ಕೆ ಹೋದರೆ ಅದೇ ಕೊಲ್ಲುತ್ತದೆ. ಹತ್ತು ಸಲ ಹೇಳಿದರೂ ಜನ ಇದೊಂದು ತಪ್ಪು ಮಾಡುತ್ತಾರೆ.

ನಿಮ್ಮ ತಂದೆಯವರ ಮೇಲೆ ಕೋಪ ಮಾಡಿಕೊಳ್ಳಬೇಡ. ಅವರು ಹೇಳಿದ್ದು ಅವರು ಕಂಡ ದನದ ಬಗ್ಗೆ.

ಗಿಡ್ಡನ ಮನೆ, ಸಾಗರ

ಸಂಜೆ ಐದೂವರೆಗೆ ಹೊಗೆ ಹಾಕಿ ಅಣ್ಣಾ. ಲಕ್ಕಿ ಸೊಪ್ಪು, ಬೇವಿನ ಸೊಪ್ಪು ಹಸಿಯಾಗಿಯೇ ಕೆಂಡದ ಮೇಲೆ ಹಾಕಿದರೆ ಸರಿಯಾಗಿ ಹೊಗೆ ಬರುತ್ತದೆ. ಕತ್ತಲಾದ ಮೇಲೆ ಹಾಕಿದರೆ ಪ್ರಯೋಜನ ಕಡಿಮೆ, ನುಸಿ ಅಷ್ಟರಲ್ಲಿ ಒಳಗೆ ಬಂದಿರುತ್ತದೆ. ಆದರೆ ಎತ್ತಿಗೆ ಉಸಿರಾಟದ ತೊಂದರೆ ಇದ್ದರೆ ದೂರ ಹಾಕಿ. ನಾವು ಹಳೆ ಸೊಳ್ಳೆ ಪರದೆ ಎರಡು ಜೋಡಿಸಿ ಹೊಲಿದು ಕರುಗಳ ಜಾಗಕ್ಕೆ ಕಟ್ಟಿದ್ದೇವೆ. ಊರವರು ನಕ್ಕರು. ತಿಪ್ಪೆ ಕೊಟ್ಟಿಗೆಗೆ ಅಂಟಿಕೊಂಡಿದ್ದರೆ ಅದನ್ನೂ ಸರಿಸಿ, ಕಚ್ಚುವ ನೊಣ ಮೊಟ್ಟೆ ಇಡುವುದೇ ಅಂಥ ಕೊಳೆತ ಹುಲ್ಲು ಗೊಬ್ಬರದಲ್ಲಿ.

ಬೀಜದ ಹೋರಿ, ತುಮಕೂರು

ನನ್ನದು ಸ್ವಲ್ಪ ಬೇರೆ ಚಿಂತೆ. ನಾವು ಹಳ್ಳಿಕಾರ್ ಬೀಜದ ಹೋರಿ ಸಾಕಿದ್ದೇವೆ. ಸುತ್ತ ಹತ್ತು ಹದಿನೈದು ಊರಿನಿಂದ ಹಸು ಹೊಡೆದುಕೊಂಡು ಬರುತ್ತಾರೆ. ಲಸಿಕೆ ಹಾಕಿಸಿದ್ದೇವೆ, ಟ್ಯಾಗೂ ಇದೆ. ಈಗ ರೋಗ ಇರುವ ಊರಿನಿಂದಲೂ ಫೋನ್ ಬರುತ್ತಿದೆ. ಬರಬೇಡಿ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ.

ನಿವೃತ್ತ ಪಶುವೈದ್ಯ

ಬೇಜಾರು ಮಾಡಿಕೊಳ್ಳಲಿ. ರೋಗ ಬಂದ ಹೋರಿಯ ವೀರ್ಯದಲ್ಲಿ ವೈರಸ್ ಇರುತ್ತದೆ, ವಾಸಿಯಾದ ಮೇಲೂ ಕೆಲವು ವಾರ ಇರಬಹುದು. ಜ್ವರದ ಹೊಡೆತಕ್ಕೆ ಕೆಲವು ಹೋರಿಗೆ ಸ್ವಲ್ಪ ಕಾಲ, ಕೆಲವಕ್ಕೆ ಕಾಯಂ ಆಗಿ ಬೀಜದ ಶಕ್ತಿಯೇ ಹೋಗುತ್ತದೆ. ಗಬ್ಬದ ಹಸು ಕಂದು ಹಾಕುವುದೂ ಉಂಟು. ನಾಟಿ ತಳಿಗೆ ಒಳ್ಳೆ ಹೋರಿಗಳು ಈಗಲೇ ಬೆರಳೆಣಿಕೆ. ಒಂದು ಹೋದರೆ ಹತ್ತೂರಿನ ಹಸುಗಳು ಮತ್ತೆ ಮಿಶ್ರತಳಿಯ ಸೂಜಿಗೆ, ಅಂದರೆ ಕೃತಕ ಗರ್ಭಧಾರಣೆಗೆ ಹೋಗುತ್ತವೆ. ಎರಡು ತಿಂಗಳು ಬಾಗಿಲು ಹಾಕಿ.

ದೇಸಿ ಗೋಪಾಲಕ

ಜೋಡೆತ್ತು ಅವರೇ, ಹೇಗಿದೆ ಈಗ? ನಾಲ್ಕು ದಿನ ಆಯಿತು, ಸುದ್ದಿ ಇಲ್ಲ. ನಾನು ಮೊದಲು ಬರೆದದ್ದು ಸ್ವಲ್ಪ ಜಾಸ್ತಿ ಆಯಿತು ಅನ್ನಿಸಿತು. ನಿನ್ನೆ ನಮ್ಮ ಆಸ್ಪತ್ರೆಗೆ ಹೋಗಿ ಕೇಳಿದೆ. ಒಂದು ಬಾಟಲಿ ಒಡೆದರೆ ಅದೇ ದಿನ ಮುಗಿಸಬೇಕು, 6 ಹಸುಗೋಸ್ಕರ ಒಡೆಯಲ್ಲ, ಊರಲ್ಲಿ ಇನ್ನೊಂದಷ್ಟು ದನ ಸೇರಿಸಿಕೊಂಡು ಹೇಳಿ ಬರುತ್ತೇವೆ ಅಂದರು. ಈಗ ನಾನು ಮನೆ ಮನೆಗೆ ಹೋಗಿ ದನ ಎಣಿಸುತ್ತಿದ್ದೇನೆ. ನನ್ನ ಮಾತು ಕೇಳಿ ಲಸಿಕೆ ಬಿಟ್ಟವರ ಮನೆಗೂ ಹೋಗಬೇಕಲ್ಲ, ಅದೇ ಮುಜುಗರ.

ಜೋಡೆತ್ತು, ಮಾಗಡಿ ಸೀಮೆ

ತಡವಾಯಿತು, ಕ್ಷಮಿಸಿ. ಬರೆಯಲು ಧೈರ್ಯ ಇರಲಿಲ್ಲ.

ಒಂಬತ್ತನೇ ದಿನ ಜ್ವರ ಇಳಿಯಿತು. ಹತ್ತನೇ ದಿನ ಬೆಳಿಗ್ಗೆ ಅಪ್ಪ ಕೂಗಿದರು. ಓಡಿ ಹೋದರೆ ಎತ್ತು ತಾನಾಗಿಯೇ ಎದ್ದು ನಿಂತಿತ್ತು. ನಾಲ್ಕು ಕಾಲೂ ನಡುಗುತ್ತಿದ್ದವು, ಆದರೆ ನಿಂತಿತ್ತು. ಅರ್ಧ ಗಂಟೆ ಆದ ಮೇಲೆ ಮೆಲುಕು ಹಾಕಿತು. ಎಷ್ಟು ದಿನ ಆಗಿತ್ತೋ ಆ ಸದ್ದು ಕೇಳಿ.

ಇವತ್ತಿಗೆ 24 ದಿನ. ಗಂಟುಗಳು ಒಣಗಿ ಕಪ್ಪಾಗಿ ಬೀಳುತ್ತಿವೆ. ಕೆಲವು ಬಿದ್ದ ಜಾಗದಲ್ಲಿ ಗುಂಡಗೆ ಗುಳಿ, ಹೆಬ್ಬೆರಳು ಕೂರುವಷ್ಟು. ಬಿದ್ದ ಒಂದು ಹಕ್ಕಳೆ ಕೈಯಲ್ಲಿ ಹಿಡಿದು ನೋಡಿದೆ, ಬೂಟಿನ ತೊಗಲು ಕತ್ತರಿಸಿದ ಹಾಗೆ ಗಟ್ಟಿ. ಬಲದ್ದಕ್ಕೆ ಇವತ್ತಿನವರೆಗೆ ಏನೂ ಬಂದಿಲ್ಲ. ಮನೆ ಹಿಂದಿನ ಹಲಸಿನ ಮರದ ಕೆಳಗೆ, ಒಂದಕ್ಕೊಂದು ಕಾಣುವ ಹಾಗೆ ಆದರೆ ದೂರ ಕಟ್ಟಿದ್ದೆವು. ಕೂಗುವುದು ಮೂರು ದಿನಕ್ಕೆ ನಿಂತಿತು.

ಊರಲ್ಲಿ ಇನ್ನೂ ನಾಲ್ಕು ಮನೆಗೆ ಬಂತು. ಒಂದು ಕಡಸು ಹೋಯಿತು, ನಾಟಿಯೇ. ಲಸಿಕೆ ಶಿಬಿರ ಆಯಿತು. ಎರಡು ಪ್ರಶ್ನೆ. ಬಿದ್ದ ಹಕ್ಕಳೆ ಏನು ಮಾಡಬೇಕು? ಡಿಸೆಂಬರ್‌ನಲ್ಲಿ ಘಾಟಿ ಜಾತ್ರೆಗೆ ಜೋಡಿ ಹೊಡೆದುಕೊಂಡು ಹೋಗಬಹುದಾ?

ನಿವೃತ್ತ ಪಶುವೈದ್ಯ

ಬಹಳ ಸಂತೋಷ ಆಯಿತು. ಹಕ್ಕಳೆ ತಿಪ್ಪೆಗೆ ಹಾಕಬೇಡ. ಒಣಗಿದ ಹಕ್ಕಳೆಯಲ್ಲಿ ವೈರಸ್ ಒಂದು ತಿಂಗಳಿಗೂ ಮೇಲೆ ಬದುಕಿರುತ್ತದೆ. ಒಂದು ಡಬ್ಬದಲ್ಲಿ ಕೂಡಿಸಿ ಸುಟ್ಟುಬಿಡು. ಕೊಟ್ಟಿಗೆ ನೆಲಕ್ಕೆ ಬ್ಲೀಚಿಂಗ್ ಪುಡಿ ನೀರು ಹಾಕಿ ಉಜ್ಜು.

ಜಾತ್ರೆಗೆ ಈ ವರ್ಷ ಬೇಡ ಅನ್ನುವುದು ನನ್ನ ಅಭಿಪ್ರಾಯ. 2022ರ ಕೊನೆಯಲ್ಲಿ ದನದ ಜಾತ್ರೆ, ಸಂತೆಗಳನ್ನು ಯಾಕೆ ನಿಲ್ಲಿಸಿದರು? ಒಂದೇ ಮೈದಾನದಲ್ಲಿ ಹತ್ತಾರು ಜಿಲ್ಲೆಯ ದನ, ಒಂದೇ ಲಾರಿಯಲ್ಲಿ ಮೂರೂರಿನದು. ಅದೂ ಅಲ್ಲದೆ ಹೆಗಲಿನ ಗಾಯ ಪೂರ್ತಿ ಮಾಗದೆ ನೊಗ ಇಡಬೇಡ. ಮೂಗುದಾರದ ಜಾಗದಲ್ಲಿ ಗಾಯ ಇದೆಯಾ ನೋಡು. ಬಹಳ ಜನ ಅದನ್ನು ಮರೆಯುತ್ತಾರೆ, ದಾರ ಗಾಯದಲ್ಲೇ ಉಜ್ಜುತ್ತಿರುತ್ತದೆ.

ಕೆರೆ ಏರಿ, ಮಂಡ್ಯ

ಜಾತ್ರೆಗೆ ಹೋದರೂ ಕೊಳ್ಳುವವರು ಮೊದಲು ಕೈ ಆಡಿಸುವುದು ಆ ಗುಳಿಗಳ ಮೇಲೆ. ಎರಡು ಸಲ ಕೂದಲು ಉದುರಿ ಬರಲಿ ಬಿಡಿ. ಟ್ಯಾಗ್ ಹಾಕಿಸಿದಿರಾ?

ಜೋಡೆತ್ತು, ಮಾಗಡಿ ಸೀಮೆ

ಬಲದ್ದಕ್ಕೆ ಹಾಕಿಸಿದೆವು. ಎಡದ್ದರ ಕಿವಿಯಲ್ಲಿ ಇನ್ನೂ ಎರಡು ಗಂಟು ಇವೆ, ಒಣಗಿದ ಮೇಲೆ ಹಾಕುತ್ತೇವೆ ಅಂದರು. ಅಪ್ಪ ಕಿವಿ ಹಿಡಿದು ನಿಂತಿದ್ದರು, ಏನೂ ಅನ್ನಲಿಲ್ಲ.

ಮೂಗುದಾರ ನೋಡಿದೆ ಸರ್. ಒಳಗೆ ಗಾಯ ಇತ್ತು, ನನಗೆ ಗೊತ್ತೇ ಇರಲಿಲ್ಲ. ಬಿಚ್ಚಿದ್ದೇವೆ. ಈಗ ಮೂಗುದಾರ ಇಲ್ಲದ ಎತ್ತನ್ನು ನೀರಿಗೆ ಹಿಡಿದುಕೊಂಡು ಹೋಗಲು ನನ್ನಿಂದ ಆಗುತ್ತಿಲ್ಲ, ಎಳೆದುಕೊಂಡು ಹೋಗುತ್ತದೆ. ಅಪ್ಪ ಕೊಂಬಿಗೆ ಒಂದು ಟವೆಲ್ ಸುತ್ತಿ ಮುಂದೆ ನಡೆಯುತ್ತಾರೆ, ಅದು ಸುಮ್ನೆ ಹಿಂದೆ ಬರುತ್ತದೆ.